ಕೆಳಗಿಳಿಯಲು ಜಾಗ ಬೇಕಾಗಿದೆ

ಮೈಕ್ ಹಿಡಿದು ಹೊಟ್ಟೆ ಹೊರೆಯುವವನ ಎದುರು ಲೋಕ ಸುಮ್ಮನೆ ಕೂರುವುದಿಲ್ಲ, ಏನಾದರೊಂದು ಮಾಡಿಯೇ ತೋರಿಸುತ್ತದೆ. ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಚುನಾವಣೆ ಎಲ್ಲದಕ್ಕೂ ಮಂಗಳೂರಿನಲ್ಲಿ ನನ್ನ ಸ್ಪೀಕರ್ ಹೋಗಿದೆ, ಎಲ್ಲ ಕಡೆಯಿಂದಲೂ ನಗು ಹೊತ್ತುಕೊಂಡೇ ಬಂದಿದ್ದೇನೆ. ಆದರೆ ನಮ್ಮ ಊರಿನ ಫುಟ್‌ಬಾಲ್ ಲೀಗಿಗೆ ಅನೌನ್ಸರ್ ಆದ ಮೇಲೆ ಸಿಕ್ಕಿದಷ್ಟು ಫಸಲು ಎಲ್ಲಿಯೂ ಸಿಕ್ಕಿಲ್ಲ.

ಈ ಲೀಗನ್ನು ಹುಟ್ಟುಹಾಕಿದವರು ಕೊಟ್ಟಾರದ ಒಬ್ಬ ಹೋಟೆಲ್ ಮಾಲಕರು. ನಮಗೆಲ್ಲ ಅವರು ಅಧ್ಯಕ್ಷರು. ದೇಶದ ದೊಡ್ಡ ಲೀಗೆಂದರೆ ಅವರಿಗೆ ಪ್ರಾಣ. ಅವರ ಹೋಟೆಲಿನ ಟಿವಿಯಲ್ಲಿ ಅದರ ಪಂದ್ಯ ಬಿಟ್ಟರೆ ಬೇರೆ ಏನೂ ಬರುವುದಿಲ್ಲ. ಯಾರಾದರೂ ಗಿರಾಕಿ "ಸ್ವಲ್ಪ ಕ್ರಿಕೆಟ್ ಹಾಕಿ" ಎಂದರೆ, "ಬನ್ಸ್ ತಿನ್ಲಿಕ್ಕೆ ಕ್ರಿಕೆಟ್ ಎಂತಕ್ಕೆ?" ಎನ್ನುತ್ತಾರೆ. ನಮ್ಮ ಆರು ಟೀಮುಗಳ ಲೀಗೂ ದೊಡ್ಡ ಲೀಗಿನ ಅಚ್ಚಿನಲ್ಲೇ ನಡೆಯಬೇಕೆಂಬುದು ಅವರ ಹಟ. ಅದರ ಜೊತೆಗೆ ಒಂದು ಕನಸೂ ಇತ್ತು. ಕೊನೆಗೆ ಬಂದ ಟೀಮು ಕೆಳಗಿನ ಡಿವಿಷನ್ನಿಗೆ ಇಳಿಯಬೇಕು, ಕೆಳಗೆ ಗೆದ್ದದ್ದು ಮೇಲೆ ಹತ್ತಬೇಕು. ದೇಶದ ಲೀಗೇ ಇದನ್ನು ವರ್ಷಗಟ್ಟಲೆ ಮುಂದೂಡುತ್ತಾ ಬಂತಲ್ಲ, ನಾವಾದರೂ ಮಾಡಿ ತೋರಿಸುವ ಎಂದು ಮೊದಲ ಸಭೆಯಲ್ಲೇ ಮೇಜು ಗುದ್ದಿ ಹೇಳಿದ್ದರು. ಆ ಗುದ್ದು ಯಾರ ಬೆನ್ನಿಗೆ ಬೀಳಲಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಚಾಂಪಿಯನ್ ಯಾರು?

ಕದ್ರಿಯ ಒಂದು ಶಾಲೆಯಲ್ಲಿ ಕ್ವಿಜ್ ಇತ್ತು. ಮೈಕ್ ನನ್ನದು, ಮುಖ್ಯ ಅತಿಥಿ ನಮ್ಮ ಅಧ್ಯಕ್ಷರು. ಕ್ವಿಜ್ ನಡೆಸುತ್ತಿದ್ದ ಟೀಚರ್ ಒಂದು ಇಸವಿ ಹೇಳಿ, ಆ ವರ್ಷ ಫುಟ್‌ಬಾಲಿನಲ್ಲಿ ದೇಶದ ಚಾಂಪಿಯನ್ ಯಾರು ಎಂದು ಕೇಳಿದರು. ಎರಡು ತಂಡದ ಮಕ್ಕಳು ಎರಡು ಬೇರೆ ಬೇರೆ ಹೆಸರು ಹೇಳಿದರು. ಟೀಚರಿಗೆ ಗೊಂದಲವಾಯಿತು. ಅತಿಥಿಗಳೇ ತೀರ್ಪು ಕೊಡಲಿ ಎಂದು ಮೈಕನ್ನು ಅಧ್ಯಕ್ಷರ ಕೈಗೆ ಕೊಟ್ಟುಬಿಟ್ಟರು. ಅವರನ್ನು ಬಲ್ಲ ಯಾರೂ ಆ ತಪ್ಪು ಮಾಡುತ್ತಿರಲಿಲ್ಲ.

"ಎರಡೂ ಸರಿ ಮಕ್ಕಳೇ," ಎಂದು ಶುರುಮಾಡಿದರು ಅಧ್ಯಕ್ಷರು. "ಮೊದಲು ದೇಶಕ್ಕೆ ಒಂದೇ ಲೀಗ್ ಇತ್ತು. ಅದು ಬೆಳೆಯಿತು, ಹೆಸರು ಬದಲಾಯಿಸಿತು. ಆಮೇಲೆ ಹೊಸದೊಂದು ಬಂತು. ದೊಡ್ಡ ಲೈಟು, ದೊಡ್ಡ ಜನ, ಎರಡೇ ತಿಂಗಳ ಜಾತ್ರೆ. ಕೆಲವು ವರ್ಷ ಎರಡೂ ಒಟ್ಟೊಟ್ಟಿಗೆ ನಡೆದವು. ಒಂದು ಮನೆಗೆ ಇಬ್ಬರು ಯಜಮಾನರು! ಕೊನೆಗೆ ಹೊಸದು ಮಹಡಿಯ ಮೇಲೆ ಕೂತಿತು, ಹಳೆಯದು ಕೆಳಗೆ ಬಂತು. ಹಳೇ ಕ್ಲಬ್ಬುಗಳು ಒಂದೊಂದಾಗಿ ಮೆಟ್ಟಿಲು ಹತ್ತಿದವು."

ಮಕ್ಕಳು ಬಾಯಿ ಬಿಟ್ಟು ಕೇಳಿದರು. ಸುಳ್ಳು ಹೇಳಬಾರದು, ನಾನೂ ಕೇಳಿದೆ. ಅಷ್ಟು ಪ್ರೀತಿಯಿಂದ ಮೊಮ್ಮಕ್ಕಳ ವಿಷಯವನ್ನೂ ಯಾರೂ ಹೇಳಿದ್ದು ನಾನು ಕೇಳಿಲ್ಲ. ಆದರೆ ಊಟದ ಬೆಲ್ ಹೊಡೆದು ಎಷ್ಟೋ ಹೊತ್ತಾಗಿತ್ತು. ಹೆಡ್ಮಿಸ್ಸು ಮೆಲ್ಲನೆ ನನ್ನ ಹತ್ತಿರ ಬಂದು, "ಕರೆಂಟ್ ಹೋದ ಹಾಗೆ ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ಆಗ್ತದೆ ಎಂದು ಸ್ವಿಚ್ ಆರಿಸಿದೆ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಮೈಕ್ ಇಲ್ಲದಿದ್ದರೂ ನನ್ನ ಸ್ವರ ಕೇಳ್ತದೆ," ಎಂದು ಮುಂದುವರಿಸಿದರು.

ವಿದೇಶಿ ಆಟಗಾರ

ದೊಡ್ಡ ಲೀಗಿನ ಮೊದಲ ವರ್ಷಗಳಲ್ಲಿ ಹೊರದೇಶದ ಹಳೇ ಹುಲಿಗಳನ್ನು ಕರೆತಂದು ಆಡಿಸುತ್ತಿದ್ದರು. ಹಾಗಾಗಿ ನಮ್ಮಲ್ಲೂ ಟೀಮಿಗೊಬ್ಬ ವಿದೇಶಿ ಆಟಗಾರ ಕಡ್ಡಾಯ ಎಂದರು ಅಧ್ಯಕ್ಷರು. ಮಂಗಳೂರಿನಲ್ಲಿ ವಿದೇಶಿಯರನ್ನು ಎಲ್ಲಿಂದ ತರುವುದು?

ಉತ್ತರ ಕೊಟ್ಟವರು ಉಳ್ಳಾಲ ಟೀಮಿನ ಕೋಚ್. ಮೀನಿನ ವ್ಯಾಪಾರ ಮಾಡುವ, ಅರುವತ್ತರ ಹತ್ತಿರದ ಗಟ್ಟಿ ಮನುಷ್ಯ. ಅವರು ಒಬ್ಬ ಹೊಟ್ಟೆ ಬಂದ ಗೃಹಸ್ಥರನ್ನು ಮುಂದೆ ನಿಲ್ಲಿಸಿ, "ಇವರು ದುಬೈ," ಎಂದರು.

"ಇವರು ನಿಮ್ಮ ಪಕ್ಕದ ಮನೆಯವರಲ್ವಾ?" ಎಂದರು ಅಧ್ಯಕ್ಷರು.

"ಹುಟ್ಟಿದ್ದು ಪಕ್ಕದ ಮನೆಯಲ್ಲಿ. ಇರುವುದು ದುಬೈಯಲ್ಲಿ. ವೀಸಾ ಉಂಟು, ತೋರಿಸ್ಬೇಕಾ?"

ಅಧ್ಯಕ್ಷರು ತುಂಬಾ ಯೋಚಿಸಿ ಒಪ್ಪಿದರು. ಒಂದೇ ವಾರದಲ್ಲಿ ಆರೂ ಟೀಮುಗಳಿಗೆ ದುಬೈ, ದಮ್ಮಾಮ್, ಮಸ್ಕತ್ತಿನಿಂದ ರಜೆಯಲ್ಲಿ ಬಂದವರೆಲ್ಲ ಸೇರಿಕೊಂಡರು. ಆಟ ಹೇಗಿದ್ದರೂ ಅವರ ಬೂಟು ಚಂದ ಇತ್ತು. ನಾನೂ ಮೈಕಿನಲ್ಲಿ "ಚೆಂಡು ಈಗ ಒಮಾನಿನ ಕಾಲಿನಲ್ಲಿ" ಎಂದು ಗಂಭೀರವಾಗಿ ಹೇಳುತ್ತಿದ್ದೆ. ಆದರೆ ಲೀಗ್ ಅರ್ಧಕ್ಕೆ ಬರುವಾಗ ಎಲ್ಲರ ರಜೆ ಮುಗಿಯಿತು. ದುಬೈಯವರಂತೂ ಪಂದ್ಯದ ನಡುವೆಯೇ ಗಡಿಯಾರ ನೋಡಿ, ಚೆಂಡನ್ನು ಹೊರಗೆ ಒದ್ದು, ಎರಡೂ ಟೀಮಿನವರ ಕೈ ಕುಲುಕಿ, ಗೇಟಿನಲ್ಲಿ ಸೂಟ್‌ಕೇಸ್ ಸಮೇತ ಕಾಯುತ್ತಿದ್ದ ಹೆಂಡತಿಯೊಟ್ಟಿಗೆ ನೇರ ಬಜ್ಪೆಗೆ ವಿಮಾನ ಹಿಡಿಯಲು ಹೋದರು. ರೆಫರಿಗೆ ಬದಲಿ ಆಟಗಾರನ ಬೋರ್ಡ್ ಎತ್ತಲಿಕ್ಕೂ ಪುರುಸೊತ್ತು ಸಿಗಲಿಲ್ಲ.

ಹೊರಗಿನ ಪಂದ್ಯ

ದೊಡ್ಡ ಲೀಗಿನಲ್ಲಿ ಪ್ರತಿ ಟೀಮೂ ಒಮ್ಮೆ ತನ್ನ ಊರಿನಲ್ಲಿ, ಒಮ್ಮೆ ಎದುರಾಳಿಯ ಊರಿನಲ್ಲಿ ಆಡುತ್ತದೆ. ನಮ್ಮಲ್ಲಿ ಆರು ಟೀಮಿಗೂ ಇರುವುದು ಒಂದೇ ಮೈದಾನ. ಅಧ್ಯಕ್ಷರು ಇದಕ್ಕೂ ದಾರಿ ಹುಡುಕಿದರು. ಸರದಿಯ ಪ್ರಕಾರ ಒಂದು ಟೀಮು ಊರಿನದು, ಇನ್ನೊಂದು ಹೊರಗಿನದು. ಊರಿನ ಟೀಮು ಮರದ ನೆರಳಿನಲ್ಲಿ ಕೂರಬೇಕು, ಚಹಾ, ಗೋಳಿಬಜೆ ಅವರದ್ದು. ಹೊರಗಿನ ಟೀಮು ಬಿಸಿಲಿನಲ್ಲಿ ಕೂರಬೇಕು. ಅಷ್ಟೇ ಅಲ್ಲ, ಹೊರಗಿನಿಂದ ಬಂದ ಹಾಗೆ ವ್ಯಾನಿನಲ್ಲೇ ಬಂದು ಗೇಟಿನಲ್ಲಿ ಇಳಿಯಬೇಕು.

ಮೈದಾನದ ಗೋಡೆಗೆ ಅಂಟಿಕೊಂಡೇ ಇರುವ ಓಣಿಯ ಟೀಮಿಗೆ ಈ ನಿಯಮದಿಂದ ತಾಪತ್ರಯವಾಯಿತು. ಮನೆಯ ಹಿತ್ತಿಲಿನಿಂದ ಗೋಡೆ ಹಾರಿದರೆ ಪೆನಾಲ್ಟಿ ಜಾಗಕ್ಕೇ ಬೀಳುವವರು ಅವರು. ಪಾಪ, ಶಿಸ್ತಿನಿಂದ ವ್ಯಾನ್ ಹತ್ತಿದರು. "ಹೊರಗಿನವರು ಅಂತ ಆದ ಮೇಲೆ ಸ್ವಲ್ಪವಾದರೂ ಹೊರಗೆ ಹೋಗಿ ಬರುವ," ಎಂದು ಡ್ರೈವರ್ ಕೊಟ್ಟಾರದ ತನಕ ಹೋದ. ಹೆದ್ದಾರಿಯಲ್ಲಿ ಒಂದು ಟ್ಯಾಂಕರ್ ಅಡ್ಡ ನಿಂತಿತ್ತು. ವ್ಯಾನ್ ಅಲ್ಲೇ ಬಾಕಿ.

ಇತ್ತ ಅವರ ಗೋಲ್‌ಕೀಪರ್ ನಿದ್ದೆ ಮಾಡಿ ವ್ಯಾನ್ ತಪ್ಪಿಸಿಕೊಂಡಿದ್ದ. ಎದ್ದವನೇ ಗೋಡೆ ಹಾರಿ ಬಂದು ಗೋಲಿನಲ್ಲಿ ಒಬ್ಬನೇ ನಿಂತ. ಅಧ್ಯಕ್ಷರು ಅವನನ್ನು ನೋಡಿ, "ನೀನು ಇನ್ನೂ ಬರ್ಲಿಲ್ಲ ಮಾರಾಯ," ಎಂದು ಹೊರಗೆ ಕಳಿಸಿದರು. ಅಂತೂ ವ್ಯಾನ್ ಬಂತು. ಎಲ್ಲರೂ ಇಳಿದರು. ಗೋಲ್‌ಕೀಪರ್ ಹಿಂದಿನ ಬಾಗಿಲಿನಿಂದ ಹತ್ತಿ, ಮುಂದಿನ ಬಾಗಿಲಿನಿಂದ ಇಳಿದು, ಪ್ರಯಾಣದ ಆಯಾಸ ಕಾಣುವ ಹಾಗೆ ಸೊಂಟ ನೆಟ್ಟಗೆ ಮಾಡಿಕೊಂಡ. ಅಧ್ಯಕ್ಷರು ಮುಂದೆ ಬಂದು ಅವನ ಕೈ ಕುಲುಕಿ, "ದಾರಿ ಹೇಗಿತ್ತು?" ಎಂದು ಕೇಳಿದರು.

ದೊಡ್ಡದು ಯಾರಿಗೆ?

ದೊಡ್ಡ ಲೀಗಿನಲ್ಲಿ ಅಂಕಪಟ್ಟಿಯ ತುದಿಯಲ್ಲಿ ನಿಂತವರಿಗೆ ಶೀಲ್ಡ್. ಆಮೇಲೆ ಮೇಲಿನ ಕೆಲವರು ಪ್ಲೇಆಫ್ ಆಡಿ ಫೈನಲ್ ಗೆದ್ದವರಿಗೆ ಕಪ್. ನಮ್ಮಲ್ಲೂ ಹಾಗೆಯೇ. ಶೀಲ್ಡ್ ಉಳ್ಳಾಲದವರು ಗೆದ್ದರು, ಫೈನಲಿನಲ್ಲಿ ಅವರನ್ನು ಓಣಿಯ ಟೀಮು ಸೋಲಿಸಿತು. ಎರಡನ್ನೂ ಒಂದೇ ವೇದಿಕೆಯಲ್ಲಿ ಕೊಟ್ಟದ್ದು ಎಡವಟ್ಟಾಯಿತು. ಶೀಲ್ಡ್ ಇಬ್ಬರು ಹೊರುವಷ್ಟು ದೊಡ್ಡದು, ಕಪ್ ಒಂದು ಚೊಂಬಿನಷ್ಟು.

ಓಣಿಯ ಕ್ಯಾಪ್ಟನ್ ಕಪ್ ಹಿಡಿದು ನಿಂತವನು, ಸೋತವರು ತನ್ನೆದುರೇ ಶೀಲ್ಡ್ ಹೊತ್ತು ಕುಣಿಯುವುದನ್ನು ನೋಡಿ, "ಗೆದ್ದದ್ದು ನಾವಲ್ವಾ? ಮತ್ತೆ ದೊಡ್ಡದು ಅವರಿಗೆ ಯಾಕೆ?" ಎಂದು ಕೇಳಿದ. ಅಧ್ಯಕ್ಷರು ಅವನ ಹೆಗಲ ಮೇಲೆ ಕೈ ಇಟ್ಟು, "ಅವರು ವರ್ಷ ಇಡೀ ಒಳ್ಳೆಯವರು. ನೀವು ಇವತ್ತು ಒಳ್ಳೆಯವರು," ಎಂದರು. ಅಲ್ಲೇ ನಿಂತಿದ್ದ ಕ್ಯಾಪ್ಟನ್ನಿನ ಹೆಂಡತಿ, "ಅದು ಸತ್ಯ," ಎಂದರು.

ಕೆಳಗೆ ಅಂದರೆ ಎಲ್ಲಿಗೆ?

ಇಷ್ಟೆಲ್ಲ ಸಂಭ್ರಮದ ನಡುವೆ ಅಂಕಪಟ್ಟಿಯ ಕೊನೆಯ ಸಾಲನ್ನು ನಾನು ಮೈಕಿನಲ್ಲಿ ಓದಲೇ ಇಲ್ಲ. ಅಲ್ಲಿದ್ದದ್ದು ಕೊಟ್ಟಾರದ ಟೀಮು, ಅಂದರೆ ಅಧ್ಯಕ್ಷರದೇ ಟೀಮು. ಹೋಟೆಲಿನ ಹುಡುಗರು, ಕ್ಯಾಶಿಯರ್, ದೋಸೆ ಭಟ್ರು ಎಲ್ಲ ಸೇರಿ ಆಡುವ ಟೀಮು. ಅಧ್ಯಕ್ಷರು ಆ ಹುಡುಗರಿಗೆ ಬೂಟು ತೊಡಿಸಿದ್ದು, ಬೆಳಿಗ್ಗೆ ಬೆಳಿಗ್ಗೆ ಓಡಿಸಿದ್ದು, ಗೋಲು ಬಿದ್ದಾಗಲೆಲ್ಲ ಕಣ್ಣು ಮುಚ್ಚಿದ್ದು ನಾವೆಲ್ಲ ನೋಡಿದವರೇ.

ಸಭೆ ಸೇರಿತು. ಎಲ್ಲರೂ ಒಂದೇ ಸ್ವರದಲ್ಲಿ, "ಈ ವರ್ಷಕ್ಕೆ ಆ ನಿಯಮ ಬೇಡ. ದೊಡ್ಡ ಲೀಗಿನವರೇ ಬೇಡ ಅಂತ ಇಟ್ಟಿದ್ರಲ್ಲ," ಎಂದೆವು. ಅಧ್ಯಕ್ಷರ ಮುಖ ಸಪ್ಪೆಯಾಗಿತ್ತು, ಸ್ವರ ಮಾತ್ರ ಗಟ್ಟಿ ಇತ್ತು. "ಬೇರೆಯವರ ಟೀಮು ಆಗಿದ್ರೆ ಇಳಿಸ್ತಿದ್ದೆ ಅಲ್ವಾ? ಹಾಗಾದ್ರೆ ನನ್ನದೂ ಇಳಿಯಬೇಕು."

ನನಗೆ ಆ ಮನುಷ್ಯನ ಮೇಲೆ ನಿಜವಾಗಿ ಗೌರವ ಹುಟ್ಟಿದ್ದು ಆ ಮಾತಿಗೆ. ಆದರೆ ಉಳ್ಳಾಲದ ಕೋಚ್ ಕೈ ಎತ್ತಿ, "ಇಳಿಯುವುದು ಸರಿ. ಎಲ್ಲಿಗೆ ಇಳಿಯುವುದು? ನಮ್ಮ ಕೆಳಗೆ ಡಿವಿಷನ್ ಎಲ್ಲುಂಟು?" ಎಂದರು.

ಯಾರೂ ಅದನ್ನು ಯೋಚಿಸಿರಲಿಲ್ಲ. ಅಧ್ಯಕ್ಷರು ಅಲ್ಲೇ ಎರಡನೇ ಡಿವಿಷನ್ ಸ್ಥಾಪಿಸಿದರು. ಅದರಲ್ಲಿ ಒಂದೇ ಟೀಮು, ಅವರದ್ದು. ಕೋಚ್ ಮತ್ತೆ ಕೈ ಎತ್ತಿದರು. "ಒಂದೇ ಟೀಮು ಅಂದ್ರೆ ಅದೇ ಮೊದಲನೆಯದು, ಅದೇ ಕೊನೆಯದು. ಮೊದಲನೆಯದು ಅಂತ ಮೇಲೆ ಹತ್ತಿಸುವುದಾ? ಕೊನೆಯದು ಅಂತ ಇನ್ನೂ ಕೆಳಗೆ ಇಳಿಸುವುದಾ?" ದೇಶದ ಲೀಗಿನ ಚರಿತ್ರೆಯನ್ನೆಲ್ಲ ನೀರು ಕುಡಿದ ಹಾಗೆ ಹೇಳುವ ಅಧ್ಯಕ್ಷರು ಅವತ್ತು ನಿಜವಾದ ನೀರು ಕೇಳಿದರು.

ಪೆನಾಲ್ಟಿ

ಉಳ್ಳಾಲದ ಕೋಚಿಗೆ ಅದನ್ನು ನೋಡಿ ಪಾಪ ಅನ್ನಿಸಿತು. ತನ್ನ ಕಾಲದ ಗೆಳೆಯರನ್ನೆಲ್ಲ ಒಟ್ಟುಮಾಡಿ ಎರಡನೇ ಡಿವಿಷನ್ನಿಗೆ ಒಂದು ಹಿರಿಯರ ಟೀಮು ಕಟ್ಟಿದರು. ಒಂದೇ ಪಂದ್ಯ, ಗೆದ್ದವರು ಮೇಲೆ. ನನ್ನ ಕಿವಿಯಲ್ಲಿ ಗುಟ್ಟು ಹೇಳಿದರು: "ಚಂದ ಮಾಡಿ ಸೋತು ಬರ್ತೇವೆ. ಅಧ್ಯಕ್ಷರು ಮರ್ಯಾದೆಯಲ್ಲಿ ಮೇಲೆ ಹತ್ತಲಿ. ನೀವು ಬಾಯಿ ಬಿಡ್ಬೇಡಿ."

ಒಬ್ಬ ಮನುಷ್ಯನಿಗಾಗಿ ಬೇಕೆಂದೇ ಸೋಲಲು ಒಂದಿಡೀ ಟೀಮು ಮಂಡಿಗೆ ಎಣ್ಣೆ ತಿಕ್ಕಿಕೊಂಡು ಬಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಆದರೆ ಸೋಲುವುದು ಅಷ್ಟು ಸುಲಭವಿರಲಿಲ್ಲ. ಹಿರಿಯರು ದಾರಿ ಬಿಟ್ಟು ನಿಂತರೂ ಕೊಟ್ಟಾರದ ಹುಡುಗರು ಚೆಂಡನ್ನು ಗೋಲಿನ ಆಚೆಗೇ ಒದೆಯುತ್ತಿದ್ದರು. ಅಧ್ಯಕ್ಷರು ಗೆರೆಯ ಬದಿಯಲ್ಲಿ ನಿಂತು ಅಂಗಿಯ ಗುಂಡಿ ತಿರುಪುತ್ತಿದ್ದರು. ಗೋಲಿಲ್ಲದೆ ಪಂದ್ಯ ಮುಗಿದು ಪೆನಾಲ್ಟಿಗೆ ಬಂತು.

ಹಿರಿಯರು ತಮ್ಮ ಸರದಿಯಲ್ಲೆಲ್ಲ ಚೆಂಡನ್ನು ಮೆಲ್ಲಗೆ, ನೇರ ಗೋಲ್‌ಕೀಪರಿನ ಹೊಟ್ಟೆಗೇ ಹೊಡೆದರು. ಹಿಡಿಯಲಿ ಎಂದೇ ಹಾಗೆ ಹೊಡೆದದ್ದು. ಆದರೆ ಗೋಲಿನಲ್ಲಿದ್ದ ಕ್ಯಾಶಿಯರ್ ಟಿವಿಯಲ್ಲಿ ದೊಡ್ಡ ಲೀಗ್ ನೋಡಿ ಕಲಿತವನು. ಪ್ರತಿ ಸಲವೂ ಒಂದು ಬದಿಗೆ ಅದ್ಭುತವಾಗಿ ಹಾರುತ್ತಿದ್ದ. ಚೆಂಡು ಅವನು ನಿಂತಿದ್ದ ಜಾಗದಿಂದಲೇ ಉರುಳಿಕೊಂಡು ಒಳಗೆ ಹೋಗುತ್ತಿತ್ತು.

ಕೊಟ್ಟಾರದವರ ಒದೆತಗಳೂ ಅದುವರೆಗೆ ಹೇಗೋ ಒಳಗೆ ಬಿದ್ದಿದ್ದವು, ಕೊನೆಗೆ ಅವರ ಒಂದು ಒದೆತ ಉಳಿಯಿತು. ಗೋಲಾದರೆ ಸಮ, ತಪ್ಪಿದರೆ ಮುಗಿಯಿತು. ಹಿರಿಯರ ಗೋಲಿನಲ್ಲಿ ನಿಂತಿದ್ದವರು ಸ್ವತಃ ಕೋಚ್. ಒಂದು ಕಾಲದಲ್ಲಿ ಉಳ್ಳಾಲದ ಗೋಲ್‌ಕೀಪರ್ ಎಂದರೆ ಅವರೇ. ನನ್ನ ಕಡೆ ನೋಡಿ ಕಣ್ಣು ಹೊಡೆದರು. ದೋಸೆ ಭಟ್ರು ಓಡಿ ಬಂದು ಜೀವಮಾನದಲ್ಲೇ ಒಂದು ಚಂದದ ಕಿಕ್ ಹೊಡೆದರು. ಚೆಂಡು ಮೇಲಿನ ಮೂಲೆಗೆ ನುಗ್ಗಿತು. ಅರುವತ್ತರ ಹತ್ತಿರದ ಆ ದೇಹ ನೆಲ ಬಿಟ್ಟು ಅಡ್ಡಡ್ಡ ಹಾರಿ ಆ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ಬಿತ್ತು.

ಕೋಚ್ ಎದ್ದು ಕೂತು, ಕೈಯಲ್ಲಿದ್ದ ಚೆಂಡನ್ನು ನೋಡಿ, ಗಾಬರಿಯಾದರು. "ಅಯ್ಯೋ ಅಧ್ಯಕ್ಷರೇ! ಬಿಡ್ಲಿಕ್ಕೆಂದೇ ಬಂದದ್ದು ನಾನು! ಕೈ ಕೇಳ್ಲಿಲ್ಲ ಮಾರಾಯ್ರೆ!"

ಅಧ್ಯಕ್ಷರು ಮೈದಾನದೊಳಗೆ ಓಡಿದರು. ಹೊಡೆದುಬಿಡುತ್ತಾರೇನೋ ಎಂದು ನಾನು ಮೈಕ್ ಬಿಟ್ಟು ಹಿಂದೆಯೇ ಓಡಿದೆ. ಅವರು ಕೋಚನ್ನು ಎಬ್ಬಿಸಿ ಗಟ್ಟಿಯಾಗಿ ತಬ್ಬಿಕೊಂಡರು. ಕಣ್ಣಲ್ಲಿ ನೀರಿತ್ತು. "ಇಂಥ ಸೇವ್ ದೊಡ್ಡ ಲೀಗಿನಲ್ಲೂ ನೋಡ್ಲಿಲ್ಲ. ಇದನ್ನು ಬಿಟ್ಟಿದ್ದರೆ ನಿಮ್ಮ ಹತ್ತಿರ ಮಾತು ಬಿಡ್ತಿದ್ದೆ," ಎಂದರು.

ಅಷ್ಟರಲ್ಲಿ ಹುಲ್ಲಿನ ಮೇಲೆ ಕಾಲು ಚಾಚಿ ಬಿದ್ದುಕೊಂಡಿದ್ದ ಹಿರಿಯರಿಗೆ ತಾವು ಗೆದ್ದಿದ್ದೇವೆ ಎಂಬುದು ನಿಧಾನವಾಗಿ ಅರ್ಥವಾಯಿತು. ಅಂದರೆ ಮುಂದಿನ ವರ್ಷ ಮೇಲಿನ ಡಿವಿಷನ್, ವರ್ಷ ಇಡೀ ಎಳೆಯರ ಹಿಂದೆ ಓಡುವುದು. ಅವರ ಸ್ಟ್ರೈಕರ್ ಮಂಡಿ ಹಿಡಿದುಕೊಂಡು, "ಅಧ್ಯಕ್ಷರೇ, ಮೇಲೆ ಹತ್ತುವುದು ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ?" ಎಂದು ಕೇಳಿದರು.

"ಆಗುದಿಲ್ಲ, ನಿಯಮ ಉಂಟು," ಎಂದರು ಅಧ್ಯಕ್ಷರು ಕಣ್ಣೊರೆಸಿಕೊಂಡು. "ಮೇಲೆ ಹೋಗಿ, ಆಡಿ, ಮರ್ಯಾದೆಯಲ್ಲಿ ಸೋತು ಕೆಳಗೆ ಬನ್ನಿ. ನಾನು ಕಾಯ್ತಾ ಇರ್ತೇನೆ."