ಬೋನಸ್ ತಗೊಳ್ರಪ್ಪೋ!

ಕೋಲಾರದಲ್ಲಿ ಕೂತು ಸುತ್ತಲಿನ ಊರುಗಳ ಮಾಲೀಕರಿಗೆ ಆದಾಯ ತೆರಿಗೆಯ ಲೆಕ್ಕ ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಕೆಲಸಗಾರರಿಗೆ ಬೋನಸ್ ಕೊಟ್ಟರೆ ಅಷ್ಟು ಹಣಕ್ಕೆ ಮಾಲೀಕ ತೆರಿಗೆ ಕಟ್ಟಬೇಕಿಲ್ಲ. ಇಷ್ಟೇ ವಿಷಯ. ಆದರೂ ದೀಪಾವಳಿ ಹತ್ತಿರ ಬಂತೆಂದರೆ ಒಬ್ಬರಲ್ಲ ಒಬ್ಬರು ಏನಾದರೊಂದು ರಾದ್ಧಾಂತ ಮಾಡಿಕೊಂಡು ನನ್ನ ಬಾಗಿಲು ಬಡಿಯುತ್ತಿದ್ದರು.

ಅತ್ತೆಯ ಉದ್ಯೋಗ

ಮಾಲೂರಿನ ಹೆಂಚಿನ ಕಾರ್ಖಾನೆಯ ಮಾಲೀಕರಿಗೆ ಈ ರಿಯಾಯಿತಿ ಬಹಳ ಹಿಡಿಸಿಬಿಟ್ಟಿತು. ಎಪ್ಪತ್ತರ ದಶಕದ ಮಾತು. "ಹಂಗಾದ್ರೆ ಬೋನಸ್ ಪಟ್ಟಿಗೆ ನಮ್ಮತ್ತೇನೂ ಸೇರ್ಸಿ ಸಾರ್, ಮೇಲ್ವಿಚಾರಕಿ ಅಂತ" ಎಂದರು. ಬೇಡ ಎಂದೆ. ಕೇಳಲಿಲ್ಲ.

ತೆರಿಗೆ ಅಧಿಕಾರಿ ಕಾರ್ಖಾನೆ ನೋಡಲು ಬಂದ ದಿನವೇ ಆ ಅತ್ತೆ ಮಗಳನ್ನು ನೋಡಲು ಮಾಸ್ತಿಯಿಂದ ಬಸ್ಸಿನಲ್ಲಿ ಬಂದು ಕಾರ್ಖಾನೆಯ ಮುಂದೆಯೇ ಇಳಿದರು. ಅಧಿಕಾರಿ ವಿನಯದಿಂದಲೇ ಕೇಳಿದರು: "ಅಮ್ಮಾ, ನೀವು ಇಲ್ಲಿ ಕೆಲಸ ಮಾಡ್ತೀರಂತೆ?"

ಆಕೆಗೆ ಎಲ್ಲಿತ್ತೋ ಕೋಪ. "ನಾನ್ಯಾಕಪ್ಪ ಕೆಲ್ಸ ಮಾಡ್ಲಿ? ಈ ಫ್ಯಾಕ್ಟ್ರಿ ಹಾಕ್ಸಿದ್ದೇ ನಮ್ಮ ಯಜಮಾನ್ರು. ಕೆಲ್ಸಕ್ಕಿರೋನು ನನ್ನ ಅಳಿಯ. ಅದೂ ನೆಟ್ಟಗೆ ಮಾಡಲ್ಲ. ಅವನಿಗೇನಾದ್ರೂ ಬೋನಸ್ಸು ಗೀನಸ್ಸು ಕೊಟ್ಟೀರಾ, ಜೋಕೆ!"

ಸಾಕ್ಷಿಯ ಜಾಡಿ

ಶ್ರೀನಿವಾಸಪುರದ ಮಾವಿನ ಮಂಡಿಯವರು ತಮ್ಮ ಹಮಾಲಿಗಳಿಗೆ ಬೋನಸ್ ಎಂದು ಮಾವಿನ ಉಪ್ಪಿನಕಾಯಿ ಹಂಚಿ, ಅದಕ್ಕೂ ರಿಯಾಯಿತಿ ಕೇಳಿದರು. ಅಧಿಕಾರಿ ಹುಬ್ಬೇರಿಸಿದರು.

"ಉಪ್ಪಿನಕಾಯಿ ಕೊಟ್ಟಿದ್ದಕ್ಕೆ ಸಾಕ್ಷಿ ಏನ್ರೀ?"

ಮಂಡಿಯವರು ಚೀಲದಿಂದ ಜಾಡಿ ತೆಗೆದು ಮೇಜಿನ ಮೇಲಿಟ್ಟರು. "ಇದೇ ಸಾರ್. ಪರೀಕ್ಷೆ ಮಾಡಿ ನೋಡಿ."

ಅಧಿಕಾರಿ ಮುಚ್ಚಳ ತೆಗೆದು ಮೂಸಿ, "ಸರಿ, ಇಲ್ಲೇ ಇರ್ಲಿ. ಮುಂದಿನ ತಿಂಗಳು ಬನ್ನಿ" ಎಂದರು.

ಮುಂದಿನ ತಿಂಗಳು ನಾನೂ ಮಂಡಿಯವರೂ ಹೋದೆವು. ಜಾಡಿ ಬರಿದಾಗಿತ್ತು. ಅಧಿಕಾರಿ ಗಂಭೀರವಾಗಿ ಹೇಳಿದರು: "ನೋಡಿ, ಸಾಕ್ಷಿ ಸಾಲಲಿಲ್ಲ."

ಕೊಟ್ಟರೂ ಬೇಡ

ಮುಳಬಾಗಿಲಿನ ಎಣ್ಣೆ ಮಿಲ್ಲಿನ ಸಾಹುಕಾರರದು ಇವೆಲ್ಲಕ್ಕಿಂತ ಮಿಗಿಲು. ಪ್ರತಿ ವರ್ಷ "ಬೋನಸ್ ಕೊಡಬೇಕಾಗಿದೆ" ಎಂದು ಲೆಕ್ಕದಲ್ಲಿ ತೋರಿಸಿ ರಿಯಾಯಿತಿ ಪಡೆಯುತ್ತಿದ್ದರು. ಕೆಲಸಗಾರರು ಮಾತ್ರ ಅದರ ಮುಖ ಕಂಡಿರಲಿಲ್ಲ. ಎಂಬತ್ತರ ದಶಕದ ಕೊನೆಗೆ ಕಾನೂನು ಬದಲಾಯಿತು. ಬೋನಸ್ ನಿಜವಾಗಿ ಕೈಗೆ ಕೊಟ್ಟಿದ್ದರೆ ಮಾತ್ರ ರಿಯಾಯಿತಿ. ನಾನು ಇದನ್ನು ಹೇಳಿದಾಗ ಸಾಹುಕಾರರು ಹಲ್ಲು ಕೀಳಿಸಿಕೊಂಡವರಂತೆ ದವಡೆ ಹಿಡಿದು ಕೂತರು.

ಕೊನೆಗೆ ಮನಸ್ಸು ಗಟ್ಟಿ ಮಾಡಿ, ಗೇಟಿನ ಹತ್ತಿರ ಮೇಜು ಹಾಕಿಸಿ, ಕೆಲಸಗಾರರನ್ನೆಲ್ಲ ಕರೆದರು. ಎಲ್ಲರಿಗಿಂತ ಹಿರಿಯನಾದ ಮೇಸ್ತ್ರಿ ಮುಂದೆ ಬಂದ. ನಾನು ರಸೀದಿ ಚಾಚಿ ಸಹಿ ಮಾಡಲು ಹೇಳಿದೆ.

"ಸೈನು ಯಾತಕ್ಕೆ ಸಾಮಿ?"

ಸಾಹುಕಾರರು ಬಾಯಿ ಬಿಟ್ಟರು. "ಇನ್‌ಕಮ್ ಟ್ಯಾಕ್ಸ್‌ನೋರಿಗೆ ತೋರಿಸಕ್ಕೆ ಕಣೋ."

ಅಷ್ಟೇ. ಮೇಸ್ತ್ರಿ ಕೈಯನ್ನು ಬೆಂಕಿ ತಾಗಿದಂತೆ ಹಿಂದೆಳೆದುಕೊಂಡ. "ವದ್ದು ಸಾಮಿ, ಬೇಡ! ದುಡ್ಡು ನೀವೇ ಇಟ್ಕೊಳ್ಳಿ. ಆಮೇಲೆ ಅವ್ರು ನಮ್ಮನೆಗೆ ಬರ್ತಾರೆ." ಅವನ ಹಿಂದಿದ್ದವರೆಲ್ಲ ಚದುರಿದರು. ಮಾರನೆಯ ದಿನ ಮಿಲ್ಲಿಗೆ ಯಾರೂ ಬರಲಿಲ್ಲ. ಬೋನಸ್ ಬೇಕೆಂದು ಮುಷ್ಕರ ಮಾಡಿದವರನ್ನು ನೋಡಿದ್ದೆ. ಬೇಡವೆಂದು ಮಾಡಿದವರನ್ನು ಕಂಡದ್ದು ಅದೇ ಮೊದಲು.

ರಿಯಾಯಿತಿಯ ಗಡುವು ಹತ್ತಿರವಿತ್ತು. ಸಾಹುಕಾರರು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕೆಲಸಗಾರರ ಕೇರಿಗೆ ಹೊರಟರು. ನಮ್ಮನ್ನು ಕಂಡದ್ದೇ ಒಬ್ಬಾಕೆ ಹಿತ್ತಾಳೆ ಬಿಂದಿಗೆಗಳನ್ನು ಸೆರಗಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ಇನ್ನೊಬ್ಬ ಮೇಕೆಯನ್ನು ಮಂಚದ ಕೆಳಗೆ ತಳ್ಳಿದ. ಅದು ಅಲ್ಲಿಂದಲೇ ಕೂಗುತ್ತಿತ್ತು.

"ತಗೊಳ್ರಪ್ಪೋ!" ಸಾಹುಕಾರರು ಬೀದಿಯಲ್ಲಿ ನಿಂತು ಕೈ ಮುಗಿದರು. "ನಿಮ್ಮ ಕಾಲಿಗೆ ಬೀಳ್ತೀನಿ. ಯಾರೂ ನಿಮ್ಮನೆಗೆ ಬರಲ್ಲ. ಬಂದ್ರೆ ನನ್ನ ಮನೆಗೇ ಬರ್ತಾರೆ." ನಾನೂ ಆಣೆ ಹಾಕಿ ಹೇಳಿದೆ.

ಕೆಲಸಗಾರರು ಗುಂಪುಗೂಡಿ ತೆಲುಗಿನಲ್ಲಿ ಪಿಸುಗುಟ್ಟಿಕೊಂಡರು. ಆಮೇಲೆ ಮೇಸ್ತ್ರಿ ಗಂಟಲು ಸರಿಮಾಡಿಕೊಂಡ.

"ಇಷ್ಟು ಬೇಡ್ಕೊತಾ ಇದ್ದೀರ, ಆಗ್ಲಿ ಸಾಮಿ, ತಗೊತೀವಿ. ಆದ್ರೆ ನಿಮಗೋಸ್ಕರ ಇಷ್ಟು ಧೈರ್ಯ ಮಾಡಿ ಬೋನಸ್ ತಗೊಂಡಿದ್ದಕ್ಕೆ ನಮಗೂ ಏನಾದ್ರೂ ಕೊಡ್ಬೇಕು."

"ಏನೋ ಕೊಡ್ಬೇಕು?"

"ಇನ್ನೊಂದು ಬೋನಸ್ಸು."

ಸಾಹುಕಾರರು ಮೆಲ್ಲಗೆ ನನ್ನ ಕಡೆ ಬಗ್ಗಿ ಕೇಳಿದರು:

"ಸಾರ್, ಅದಕ್ಕೂ ರಿಯಾಯಿತಿ ಸಿಗತ್ತಾ?"