ಚಂದ್ರಿಯ ತೇಗಿನ ಪುಸ್ತಕ

ನಮ್ಮ ಮನೆಯಲ್ಲಿ ನನ್ನ ಮಾತಿಗಿಂತ ನಮ್ಮ ಎಮ್ಮೆ ಚಂದ್ರಿಯ ಮಾತಿಗೆ ಬೆಲೆ ಹೆಚ್ಚು. ಅದು ಕೊಟ್ಟಿಗೆಯಿಂದ ಒಮ್ಮೆ ಕೂಗಿದರೆ ಸಾಕು, ನನ್ನ ಅವ್ವ ಸಿದ್ದಲಿಂಗಮ್ಮ ಒಂದು ಕಡೆಯಿಂದ, ಹೆಂಡತಿ ಕಲ್ಪನಾ ಇನ್ನೊಂದು ಕಡೆಯಿಂದ ಓಡುತ್ತಾರೆ. ನಾನು ಊಟಕ್ಕೆ ಕೂತು ಮೂರು ಸಲ ಕೂಗಿದರೂ ಉಪ್ಪು ಬರುವುದಿಲ್ಲ. (ನಾಲ್ಕನೆಯ ಸಲ ಕೂಗುವ ಧೈರ್ಯ ಇನ್ನೂ ಮಾಡಿಲ್ಲ.) ತ್ಯಾವಣಿಗೆಯಲ್ಲಿ ಪೈಪಿನ ಅಂಗಡಿ ಇಟ್ಟುಕೊಂಡು, ಐವತ್ತೆರಡು ವರ್ಷ ಬದುಕಿ, ನಾನು ಗಳಿಸಿದ ಗೌರವ ಇಷ್ಟು.

ಹೀಗಿರುವಾಗ ಚನ್ನಗಿರಿಯ ಒಂದು ತರಬೇತಿಯಲ್ಲಿ ಓಂಕಾರ್ ಎಂಬ ಪಶು ಆಹಾರ ತಜ್ಞರು, ಎಮ್ಮೆ ಮೆಲುಕು ಹಾಕುತ್ತಾ ತೇಗಿದಾಗಲೆಲ್ಲ ಮೀಥೇನ್ ಎಂಬ ಅನಿಲ ಹೊರಬಿದ್ದು ಭೂಮಂಡಲವೇ ಬಿಸಿಯಾಗುತ್ತದೆ ಎಂದರು. ನನಗೆ ಆಶ್ಚರ್ಯವೇನೂ ಆಗಲಿಲ್ಲ. ಚಂದ್ರಿಯ ಮೇಲೆ ನನಗೆ ಮೊದಲಿನಿಂದಲೂ ಅನುಮಾನವಿತ್ತು.

ಪರಿಹಾರವೂ ಅವರ ಚೀಲದಲ್ಲೇ ಇತ್ತು: ಬೆಳ್ಳುಳ್ಳಿ, ಅಜವಾನ, ಮೆಂತ್ಯ, ಅಳಲೆಕಾಯಿ ಸೇರಿಸಿ ಕುಟ್ಟಿದ ಪುಡಿ. ಅದನ್ನು ಎರಡು ಹೊತ್ತು ಬೂಸಾದಲ್ಲಿ ಕಲಸಿ ಮೂರು ವಾರ ತಿನ್ನಿಸಬೇಕು. ತೇಗು ಎಣಿಸಿ, ಅವರು ಕೊಟ್ಟ ಪುಸ್ತಕದಲ್ಲಿ ಬರೆಯಬೇಕು. (ಅನಿಲ ಅಳೆಯುವ ಯಂತ್ರ ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ಕಿವಿಯೇ ಯಂತ್ರ.) ಫಲಿತಾಂಶ ಚೆನ್ನಾಗಿ ಬಂದವರಿಗೆ ಹೊನ್ನಾಳಿಯ ಸಮಾವೇಶದಲ್ಲಿ ಶಾಲು, ಹಾರ, ‘ಪ್ರಗತಿಪರ ರೈತ’ ಎಂಬ ಬಿರುದು ಮತ್ತು ಐದು ನಿಮಿಷ ಮೈಕು. ಐದು ನಿಮಿಷ! ಮದುವೆಯಾದ ಮೇಲೆ ಅಷ್ಟು ಹೊತ್ತು ನಾನು ಒಂದೇ ಸಮನೆ ಮಾತಾಡಿದ್ದಿಲ್ಲ. ಕೈ ಎತ್ತಿಬಿಟ್ಟೆ.

ಮನೆಗೆ ತಂದ ಪುಡಿಯನ್ನು ಅವ್ವ ಮೂಸಿ ನೋಡಿದಳು.

“ಇದು ಹೊಟ್ಟೆ ಉಬ್ಬರದ ಪುಡಿ ಕಣೋ. ಎಮ್ಮೆಗ್ಯಾಕೆ? ಅದು ಹೊಟ್ಟೆ ತುಂಬೈತೆ ಅಂತ ತೇಗ್ತೈತೆ.”

“ಅವ್ವಾ, ಇದು ವಿಜ್ಞಾನ.”

“ವಿಜ್ಞಾನಾನೋ ಏನೋ, ತೇಗು ಎಣಿಸಾಕೆ ಯಾರು ಕೂರ್ತಾರೆ?” ಎಂದಳು ಕಲ್ಪನಾ.

“ನೀನೇ. ಪುಡಿ ತಿಂದ ಪ್ರಾಣಿ ಎದುರಿಗೆ ಅರ್ಧ ಗಂಟೆ ಕೂತ್ಕೊ, ಎಷ್ಟು ಸಲ ತೇಗ್ತೈತೋ ಬರಕೊ. ವಿಶೇಷ ಏನಾದ್ರೂ ಇದ್ರೆ ಷರಾ ಅಂತ ಇರೋ ಕಡೆ ಬರಿ. ಸುಳ್ಳು ಮಾತ್ರ ಬರೀಬೇಡ.”

“ನಾನ್ಯಾಕ್ರೀ ಸುಳ್ಳು ಬರೀಲಿ? ಮತ್ತೆ ನೀವೇನು ಮಾಡ್ತೀರಿ?”

“ನಾನು ಭಾಷಣ ಬರೀತೀನಿ.”

ಬರೆದೆ. ಅಂಗಡಿಯ ಪೈಪುಗಳೆದುರು ನಿಂತು ದಿನಾ ಅಭ್ಯಾಸವನ್ನೂ ಮಾಡಿದೆ. ಆ ಮೂರು ವಾರ ನಮ್ಮ ಮನೆಯ ಮಜ್ಜಿಗೆ ಯಾಕೋ ಘಮಘಮಿಸುತ್ತಿತ್ತು. ಪಕ್ಕದ ಮನೆಯ ಪ್ರೇಮಲತಾ ಅವರ ಮಗುವನ್ನು ಎಬ್ಬಿಸುತ್ತಿದ್ದ ನನ್ನ ತೇಗು ಕಡಿಮೆಯಾಗಿ, ಮೈಯೆಲ್ಲ ಹಗುರವಾಯಿತು. ಭೂಮಾತೆಯ ಸೇವೆಯಿಂದ ದೇಹಕ್ಕೂ ಒಳ್ಳೆಯದಾಗುತ್ತದೆ ಎಂದು ಭಾಷಣಕ್ಕೆ ಒಂದು ಸಾಲು ಸೇರಿಸಿದೆ. ಇನ್ನೂ ಸಂತೋಷದ ಸಂಗತಿಯೆಂದರೆ, ಊಟವಾದ ಮೇಲೆ ಕಲ್ಪನಾ ಪೆನ್ನು ಹಿಡಿದು ನನ್ನೆದುರು ಕೂತು ನನ್ನನ್ನೇ ನೋಡತೊಡಗಿದಳು. ಮದುವೆಯಾದ ಹೊಸತರಲ್ಲೂ ಅವಳು ನನ್ನನ್ನು ಹಾಗೆ ನೋಡಿದ್ದಿಲ್ಲ. ವೇದಿಕೆ ಏರಲಿರುವ ಗಂಡನೆಂದರೆ ಯಾರಿಗಾದರೂ ಹೆಮ್ಮೆಯೇ.

ಕೊನೆಗೆ ಪುಸ್ತಕಕ್ಕೆ ಸಹಿ ಹಾಕಿ ಕಳಿಸಿದೆ. (ಓದಲಿಲ್ಲ. ದೊಡ್ಡವರು ಸಹಿ ಮಾತ್ರ ಹಾಕುತ್ತಾರೆ.) ಓಂಕಾರ್ ಫೋನ್ ಮಾಡಿದರು.

“ಗುರುಬಸವರಾಜ್ ಸಾರ್, ಅಂಕಿ ಮಾತ್ರ ನೋಡಿದೆ, ಅದ್ಭುತ! ಮೊದಲ ದಿನ ನಲವತ್ತೆರಡು, ಕೊನೇ ದಿನ ಮೂರು! ಜಗಳೂರಿಂದ ನ್ಯಾಮತಿವರೆಗೆ ಹಿಂಗೆ ಯಾರ ಎಮ್ಮೆದೂ ಬಂದಿಲ್ಲ.”

ಹೊನ್ನಾಳಿಯ ಸಮುದಾಯ ಭವನ ತುಂಬಿತ್ತು. ನನಗೆ ಶಾಲು ಹೊದಿಸಿದರು, ಹಾರ ಹಾಕಿದರು. ಮೈಕು ಕೈಗೆ ಬಂತು. ಅಷ್ಟರಲ್ಲಿ ಓಂಕಾರ್, ದಾಖಲೆ ಹೇಗಿಡಬೇಕೆಂದು ಎಲ್ಲರಿಗೂ ತಿಳಿಯಲಿ ಎಂದು ನಮ್ಮ ಪುಸ್ತಕ ತೆರೆದು ಇನ್ನೊಂದು ಮೈಕಿನಲ್ಲಿ ಓದತೊಡಗಿದರು.

“ಸೋಮವಾರ, ಮೂವತ್ತೆಂಟು. ಷರಾ: ಮಂಡಕ್ಕಿ ಮಿರ್ಚಿ ತಿಂದಿದ್ದರಿಂದ ಜಾಸ್ತಿ.”

ಸೊಕ್ಕೆಯಿಂದ ಬಂದಿದ್ದ ಕುರಿ ಸಾಕುವ ಬೀರಲಿಂಗಪ್ಪ ಎದ್ದು ನಿಂತರು. “ಅದ್ಯಾವ ಎಮ್ಮೆನಪ್ಪಾ ಮಿರ್ಚಿ ತಿನ್ನೋದು?”

“ನಾವು ಮನೆ ಮಂದಿ ಥರಾನೇ ನೋಡ್ಕೊಂತೀವಿ,” ಎಂದೆ.

“ಗುರುವಾರ, ಹತ್ತೊಂಬತ್ತು. ಷರಾ: ಪೇಪರ್ ಓದುತ್ತಾ ನಿದ್ದೆ ಹೋಗಿದ್ದರಿಂದ ಅರ್ಧಕ್ಕೆ ನಿಂತಿದೆ.” ಓಂಕಾರ್ ಧ್ವನಿ ಸಣ್ಣಗಾಯಿತು. “ಶನಿವಾರ. ಷರಾ: ಬೈಕಿನಲ್ಲಿ ಚನ್ನಗಿರಿಗೆ ಹೋಗಿದ್ದರಿಂದ ಎಣಿಸಿಲ್ಲ.”

ಸಭೆಯೆಲ್ಲ ಗೊಳ್ಳೆಂದು ನಕ್ಕಿತು.

ಹೆಂಗಸರ ಸಾಲಿನಿಂದ ಕಲ್ಪನಾ ಎದ್ದಳು. “ಪುಡಿ ತಿಂದ ಪ್ರಾಣಿ ತೇಗು ಎಣಿಸು ಅಂತ ಇವರೇ ಹೇಳಿದ್ರು ಸಾರ್. ಚಂದ್ರಿ ಮೂಸಿ ನೋಡಿ ಮುಖ ತಿರುಗಿಸ್ತು. ಸುಮ್ನೆ ಹಾಳಾಗ್ತೈತಲ್ಲ ಅಂತ ಅತ್ತೆ ಇವರ ಮಜ್ಜಿಗೆಗೆ ಹಾಕಿದ್ರು. ತಿಂದಿದ್ದು ಇವರು, ನಾನು ಇವರದ್ದೇ ಬರೆದೆ.”

“ನನಗ್ಯಾಕೆ ಹೇಳ್ಲಿಲ್ಲ?” ಎಂದೆ. ಬಾಯಿಯ ಹತ್ತಿರ ಮೈಕಿತ್ತು. ಇಡೀ ಹೊನ್ನಾಳಿಗೆ ಕೇಳಿಸಿತು.

“ಮೂರು ವಾರದಾಗೆ ಒಂದಿನ ಕೊಟ್ಟಿಗೆ ಕಡೆ ಬಂದಿದ್ರೆ ಹೇಳ್ತಿದ್ದೆ.”

ನಾಚಿಕೆಯಾಯಿತು. ಎಮ್ಮೆ ಸಾಕಿದ್ದಕ್ಕೆ ಹಾಕಿಸಿಕೊಂಡ ಹಾರ ಹೊತ್ತು ನಿಂತಿದ್ದ ನನಗೆ, ಚಂದ್ರಿಯ ಬಾಲ ಯಾವ ಬಣ್ಣವೆಂದು ಕೇಳಿದ್ದರೂ ಹೇಳಲು ಬರುತ್ತಿರಲಿಲ್ಲ. ಓಂಕಾರ್ ನನ್ನ ಶಾಲನ್ನು ಮೆಲ್ಲಗೆ ತೆಗೆದು, ಪ್ರಾಮಾಣಿಕ ದಾಖಲೆಗಾಗಿ ಎಂದು ಕಲ್ಪನಾಳಿಗೆ ಹೊದಿಸಿದರು. ನನ್ನ ಐದು ನಿಮಿಷವನ್ನು ಕಲ್ಪನಾಳ ಪಕ್ಕದಲ್ಲಿ ಕೂತಿದ್ದ ಅವ್ವ ತೆಗೆದುಕೊಂಡಳು. ಹೆಂಗಸರೆಲ್ಲ ಅವಳನ್ನು ಸುತ್ತುವರಿದು, ಒಂದು ಲೋಟ ಮಜ್ಜಿಗೆಗೆ ಎಷ್ಟು ಚಮಚ ಎಂದು ಕೇಳುತ್ತಿದ್ದರು. ಕೇಳುವಾಗ ನನ್ನ ಹೊಟ್ಟೆಯನ್ನು, ಸಂತೆಯಲ್ಲಿ ಜಾನುವಾರು ನೋಡುವಂತೆ, ಎರಡೂ ಪಕ್ಕದಿಂದ ನೋಡಿದರು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತೆ. ಉಪ್ಪು ಒಂದೇ ಕೂಗಿಗೆ ಬಂತು. ಎದೆ ತುಂಬಿ ಬಂತು.

“ಓಂಕಾರ್ ಇನ್ನೊಂದು ಪುಸ್ತಕ ಕೊಟ್ಟಾರೆ,” ಎಂದಳು ಕಲ್ಪನಾ, ಪೆನ್ನು ಹಿಡಿದು ಎದುರು ಕೂರುತ್ತಾ. “ಪುಡಿ ನಿಲ್ಲಿಸಿದ್ರೆ ಏನಾಗ್ತೈತೆ ಅಂತ ಇನ್ನೂ ಮೂರು ವಾರ ನೋಡ್ಬೇಕಂತೆ. ಪ್ರಾಣಿಗೆ ಹೊತ್ತೊತ್ತಿಗೆ ಸರಿಯಾಗಿ ಮೇವು ಕೊಡ್ಬೇಕು ಅಂತ ಮೊದಲ ಪುಟದಾಗೇ ಐತೆ. ಅಂದಂಗೆ, ನಿಮ್ಮ ಆಧಾರ್ ಕಾರ್ಡ್ ಎಲ್ಲೈತ್ರೀ?”

“ಯಾಕೆ?”

“ಪ್ರಾಣಿ ಕಿವಿಗೆ ಹಾಕೋ ಟ್ಯಾಗ್ ನಂಬರ್ ಅಂತ ಒಂದು ಕಾಲಂ ಐತೆ.”

ಬೀರುವಿನಲ್ಲಿದೆ ಎಂದು ಹೇಳಿ ಮಜ್ಜಿಗೆ ಬಡಿಸಿಕೊಂಡೆ.