ತಂಗಿಯ ರಸಮಟ್ಟ

ನಮ್ಮ ಚಿಕ್ಕಪ್ಪನ ಮಗಳಿಗೆ ಈ ಭೂಮಿಯ ಮೇಲೆ ಯಾವುದೂ ನೆಟ್ಟಗೆ ಕಾಣುವುದಿಲ್ಲ. ಕಣ್ಣಿನ ದೋಷವಲ್ಲ ಕಣ್ರೀ, ಓದಿನ ದೋಷ! ಸಿವಿಲ್ ಎಂಜಿನಿಯರಿಂಗಿಗೆ ಸೇರಿ ಸರ್ವೆ ಪಾಠ ಶುರುವಾದದ್ದೇ ತಡ, ಮೇಸ್ತ್ರಿಗಳ ರಸಮಟ್ಟವೊಂದು ಅವಳ ಬ್ಯಾಗಿನಲ್ಲಿ ಬಾಚಣಿಗೆಯ ಪಕ್ಕ ವಾಸಕ್ಕೆ ಬಂತು. ಸಿಕ್ಕಿದ್ದರ ಮೇಲೆಲ್ಲ ಅದನ್ನಿಟ್ಟು, ಒಳಗಿನ ಗುಳ್ಳೆ ನಡುವಿಗೆ ಬಂತೋ ಇಲ್ಲವೋ ಎಂದು ನೋಡುತ್ತಾಳೆ. ಬರದಿದ್ದರೆ ಮುಗಿಯಿತು, ತೀರ್ಪು ಕೊಟ್ಟೇ ಏಳುವುದು.

ಒಮ್ಮೆ ಹಳೇಬೀಡಿನ ಮನೆಯಲ್ಲಿ ಯುಗಾದಿ ಊಟಕ್ಕೆ ಸಾಲಾಗಿ ಕೂತಿದ್ದೆವು. "ನೋಡಿ, ಎಲ್ಲರ ಎಲೆ ಮೇಲೂ ಪಾಯಸ ಒಂದೇ ಕಡೆ ಹರೀತಿದೆ. ನೆಲ ಮೂಡಲಿಗೆ ತಗ್ಗು," ಅಂದಳು. ಮುಂದೆ ನಿಂತು ಆ ನೆಲ ಹಾಕಿಸಿದ್ದ ಚಿಕ್ಕಪ್ಪ ಕೈಯಲ್ಲಿದ್ದ ಹೋಳಿಗೆ ಕೆಳಗಿಟ್ಟರು.

"ಉಣ್ಣಕ್ ಕೂತಿದೀಯಾ, ತನಿಖೆಗ್ ಬಂದಿದೀಯಾ?"

ನನ್ನನ್ನು ನೋಡಲು ಅರಸೀಕೆರೆಯಿಂದ ಗಂಡು ಬಂದಾಗಲೂ ಅಷ್ಟೇ. ಕಾಫಿ ಲೋಟ ಕೊಟ್ಟವಳೇ ಒಂದು ಕಣ್ಣು ಮುಚ್ಚಿ ಅವರನ್ನು ಅಳೆದು, "ಅಕ್ಕ, ಎಡಭುಜ ಸ್ವಲ್ಪ ತಗ್ಗು," ಅಂದಳು. ಕಿವಿಯಲ್ಲಿ ಹೇಳಬಾರದೇ? ಇಡೀ ಹಾಲಿಗೆ ಕೇಳಿಸಿತು! ನನ್ನ ಪುಣ್ಯ, ಗಂಡು ನಕ್ಕುಬಿಟ್ಟರು, ಮದುವೆಯೂ ಆಯಿತು. ಇವತ್ತಿಗೂ ಅವಳು ಎದುರು ಬಂದರೆ ನಮ್ಮ ಯಜಮಾನರು ಎಡಭುಜ ಎತ್ತಿಕೊಂಡೇ ಓಡಾಡುತ್ತಾರೆ.

ಇಂಥವಳ ಬಾಯಿಗೆ ಹೆದರದವರು ಅಜ್ಜಿ ಒಬ್ಬರೇ. ಸೊಂಟ ಮುರಿದು ಗಾಲಿಕುರ್ಚಿಗೆ ಬಂದ ಮೇಲೆ ಅಜ್ಜಿಗೆ ಇದ್ದದ್ದು ಒಂದೇ ಆಸೆ: ಮೊದಲಿನ ಹಾಗೆ ಸಂಜೆ ಕೆರೆ ಏರಿ ಮೇಲೆ ಕೂರಬೇಕು. ಒಮ್ಮೆ ತಳ್ಳಿ ನೋಡಿದೆವು. ದಾರಿ ಎಂಥಾ ಏರು ಅಂತೀರಿ, ಕುರ್ಚಿಯೇ ನಮ್ಮನ್ನು ಹಿಂದಕ್ಕೆ ತಳ್ಳಿತು! ಎತ್ತಿಕೊಂಡು ಹೋಗೋಣವೆಂದರೆ ಅಜ್ಜಿ ಒಪ್ಪಬೇಕಲ್ಲ?

"ನಾನೇನ್ ಉತ್ಸವಮೂರ್ತಿನೇನ್ರೋ, ಹೊತ್ಕಂಡ್ ಹೋಗಕ್ಕೆ? ಗಾಲಿ ಮ್ಯಾಲೆ ಹೋಗಂಗಿದ್ರೆ ಬತ್ತೀನಿ. ಇಲ್ದಿದ್ರೆ ಬ್ಯಾಡ."

ರಜೆಗೆ ಬಂದ ತಂಗಿ, ಗುರುತಿನ ಕಂಟ್ರಾಕ್ಟರನ್ನು ಕಾಡಿ ಒಂದು ಲೆವೆಲ್ ಯಂತ್ರ ತಂದಳು. ಮೂರು ಕಾಲಿನ ಮೇಲೊಂದು ದುರ್ಬೀನು, ಅಷ್ಟೇ. ಬೀದಿಯ ನಡುವೆ ಅದನ್ನು ನೆಟ್ಟಳು. ಅಳತೆ ಕೋಲು ಹಿಡಿಯುವ ಭಾಗ್ಯ ತವರಿಗೆ ಬಂದಿದ್ದ ನನ್ನದು. "ನೆಟ್ಟಗೆ ಹಿಡಿಯೇ ಅಕ್ಕ!" ಎಂದು ಕೂಗಿ ಕೂಗಿ, ಬಿಸಿಲಲ್ಲಿ ನನ್ನನ್ನೂ ಕೋಲು ಮಾಡಿಬಿಟ್ಟಳು.

ಬೇಕರಿಯವರು ಮೆಲ್ಲಗೆ ಬಂದರು. "ಏನವ್ವಾ, ರೋಡ್ ಅಗ್ಲ ಮಾಡ್ತಾರಾ?"

"ಇಲ್ಲ ಅಣ್ಣ, ಏರು ಎಷ್ಟಿದೆ ನೋಡ್ತಿದೀನಿ."

ಅವರು ಟೈರ್ ಅಂಗಡಿಯವರತ್ತ ತಿರುಗಿದರು. "ನೋಡ್ದೇನ್ಲಾ, ಬಾಯೇ ಬಿಡ್ತಿಲ್ಲ! ಅಂಗ್ಡಿ ಒಡೆಯೋದು ಗ್ಯಾರಂಟಿ ಕಣ್ಲಾ!"

ಸಂಜೆಯೊಳಗೆ ಬೇಕರಿಯ ಬೆಂಚು ಒಳಗೆ, ಟೈರುಗಳ ಗುಡ್ಡೆ ಒಳಗೆ, ಬೋರ್ಡುಗಳೆಲ್ಲ ಒಳಗೆ! ರಸ್ತೆಗೂ ಒಂದು ಅಂಚಿದೆ ಎಂದು ನಮ್ಮ ಬೀದಿಗೆ ಗೊತ್ತಾದದ್ದೇ ಅವತ್ತು.

ಮರುದಿನ ಸಂಜೆ ತಂಗಿ ಆ ಅಂಚಿನಲ್ಲೇ ಅಜ್ಜಿಯನ್ನು ತಳ್ಳಿಕೊಂಡು ಹೊರಟಳು. ನೇರ ದಾರಿ ಬಿಟ್ಟು ಬಸ್ತಿಹಳ್ಳಿ ಕಡೆಯಿಂದ ಬಳಸಿಕೊಂಡು.

"ಇದ್ಯಾಕಮ್ಮಿ ಈ ಸುತ್ತು?"

"ಈ ಕಡೆ ಏರು ಗೊತ್ತೇ ಆಗಲ್ಲ ಅಜ್ಜಿ. ಅಳೆದಿದೀನಿ."

ಧೈರ್ಯ ಮಾಡಿ ಬೆಂಚನ್ನು ಮತ್ತೆ ಹೊರಗೆ ತರುತ್ತಿದ್ದ ಬೇಕರಿಯವರು ಕುರ್ಚಿ ನೋಡಿ ನಿಂತರು. "ಅಜ್ಜಿಗಾ ಇಷ್ಟೆಲ್ಲಾ?" ಎಂದು ಬೆಂಚನ್ನು ಒಳಕ್ಕೇ ಒಯ್ದರು.

ಕೆರೆ ಏರಿ ಹತ್ತಿರವಾದಾಗ ಅಜ್ಜಿ, "ಕೈ ಬಿಡೇ," ಅಂದರು. ಉಳಿದ ದಾರಿ ಗಾಲಿಯನ್ನು ತಾವೇ ತಿರುಗಿಸಿಕೊಂಡು ಹೋದರು. ನನಗೆ ಅಳು ಬಂದುಬಿಟ್ಟಿತು. ಎದುರಿಗೆ ಕೆರೆ ತುಂಬ ನೀರು. ಅಜ್ಜಿ ಕುರ್ಚಿಯ ಕೈ ತಟ್ಟಿದರು.

"ಎಲ್ಲಿ, ನಿನ್ ಗುಳ್ಳೆ ಇಟ್ ನೋಡು. ನೆಟ್ಟಗೆ ಕೂತಿದೀನಾ?"

ಇಟ್ಟಳು. ಗುಳ್ಳೆ ಓಡಿಹೋಗಿ ಒಂದು ಮೂಲೆಯಲ್ಲಿ ಕೂತದ್ದು ನನಗೂ ಕಂಡಿತು. ಅರಸೀಕೆರೆ ಗಂಡಿನ ಭುಜವನ್ನೇ ಬಿಡದವಳು ರಸಮಟ್ಟವನ್ನು ಮೆಲ್ಲಗೆ ಬ್ಯಾಗಿಗೆ ಹಾಕಿಕೊಂಡಳು.

"ಸರಿಯಾಗಿದೆ ಅಜ್ಜಿ," ಅಂದಳು.